ಚಾರ್ಟಿನಲ್ಲಿ ಎಲ್ಲರಿಗೂ 120/80



ದತ್ತಿ ಉಪನ್ಯಾಸವೆಂದರೆ ವಚನ, ದಾಸಸಾಹಿತ್ಯ, ಇಲ್ಲವೇ ಯಾರಾದರೂ ಮಹನೀಯರ ಬದುಕು ಎಂದುಕೊಂಡು ಬಂದವರಿಗೆ ಇವತ್ತಿನ ವಿಷಯ ಸ್ವಲ್ಪ ಒರಟು ಅನ್ನಿಸಬಹುದು. ಈ ದತ್ತಿ ಇಟ್ಟವರು ತಮ್ಮ ಹೆಸರು ಎಲ್ಲೂ ಬರಬಾರದೆಂದು ಹೇಳಿದ್ದಾರೆ. ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದ ತಾಯಿಯ ನೆನಪಿಗೆ, ಆಸ್ಪತ್ರೆಯವರು ತಮ್ಮತಮ್ಮಲ್ಲೂ ಬಾಯಿ ಬಿಡದ ಸಂಗತಿಗಳ ಬಗ್ಗೆಯೇ ಮಾತಾಡಿಸಿ ಎಂದಿದ್ದಾರೆ. ಹಾಗಾಗಿ ನಾನು ಆರಿಸಿಕೊಂಡದ್ದು ಇದು: ಜೊತೆಯಲ್ಲಿ ಡ್ಯೂಟಿ ಮಾಡುವ ಸಿಸ್ಟರ್ ನೋಡದ ಬಿಪಿಯನ್ನು ನೋಡಿದೆನೆಂದು, ಕೊಡದ ಮಾತ್ರೆಯನ್ನು ಕೊಟ್ಟೆನೆಂದು ಬರೆಯುವುದು ನಿಮ್ಮ ಕಣ್ಣಿಗೆ ಬಿದ್ದರೆ ಏನು ಮಾಡಬೇಕು?

ಇಂಥ ಬರಹವನ್ನು ಗುರುತಿಸುವುದು ಕಷ್ಟವಲ್ಲ. ಜ್ವರ, ನಾಡಿ, ಉಸಿರು ಬರೆಯುವ ಟಿಪಿಆರ್ ಚಾರ್ಟು ತೆಗೆದು ನೋಡಿ. ರಾತ್ರಿ ಹತ್ತಕ್ಕೆ, ಎರಡಕ್ಕೆ, ಬೆಳಿಗ್ಗೆ ಆರಕ್ಕೆ ಒಂದೇ ಪೆನ್ನು, ಒಂದೇ ಓರೆ, ಒಂದೇ ಒತ್ತು. ನಾಡಿ 78, ಉಸಿರು 18, ಬಿಪಿ 120/80. ಪಕ್ಕದ ಹಾಸಿಗೆಯವರಿಗೂ ಅದೇ, ಅವರ ಪಕ್ಕದವರಿಗೂ ಅದೇ. ಮನುಷ್ಯರ ರಕ್ತದೊತ್ತಡ ಹೀಗೆ ಮಾತಾಡಿಕೊಂಡವರಂತೆ ಒಂದೇ ಕಡೆ ನಿಲ್ಲುವುದಿಲ್ಲ. ಸ್ಕ್ಯಾನಿಂಗ್‌ಗೆ ಹೋಗಿ ಹಾಸಿಗೆಯಲ್ಲೇ ಇರದಿದ್ದ ರೋಗಿಗೂ ಆ ಹೊತ್ತಿನ ನಾಡಿ ಬರೆದಿರುವುದುಂಟು. ಮೂತ್ರದ ನಳಿಕೆ ಕಾಲಡಿ ಮಡಿಚಿಕೊಂಡು ಬ್ಯಾಗಿನಲ್ಲಿ ಒಂದು ತೊಟ್ಟೂ ಇಲ್ಲದಿರುವಾಗ ಔಟ್‌ಪುಟ್ ಕಾಲಮ್ಮಿನಲ್ಲಿ 400 ಎಂ.ಎಲ್. ಎಂದು ಕಾಣಿಸುವುದುಂಟು. ಆಪರೇಷನ್ ಆದವರ ವಿಷಯದಲ್ಲಿ ಆ 400 ಎಂಬ ಸಂಖ್ಯೆ ಬೆಳಿಗ್ಗೆ ರೌಂಡ್ಸಿಗೆ ಬರುವ ಡಾಕ್ಟರಿಗೆ ಒಂದು ಮಾತು ಹೇಳುತ್ತದೆ: ಮೂತ್ರಪಿಂಡ ಸರಿಯಾಗಿದೆ, ಮುಂದೆ ಹೋಗಿ. ಅವರು ಮುಂದೆ ಹೋಗುತ್ತಾರೆ.

ನಮ್ಮ ಕಸುಬಿನ ಹುಟ್ಟೇ ಇಂಥ ಲೆಕ್ಕದ ಗೊಂದಲದಲ್ಲಿದೆ. 1854ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಸ್ಕುಟಾರಿಯ ಸೇನಾ ಆಸ್ಪತ್ರೆಗೆ ಹೋದಾಗ ಅಲ್ಲಿ ಸತ್ತವರ ಲೆಕ್ಕಕ್ಕೆ ಮೂರು ರಿಜಿಸ್ಟರ್‌ಗಳಿದ್ದವು, ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ನಾವು ಆಕೆಯ ಕೈಯ ದೀಪವನ್ನು ಕ್ಯಾಲೆಂಡರಿನಲ್ಲಿ ಹಾಕಿಕೊಂಡೆವು, ಆಕೆಯ ಇನ್ನೊಂದು ಕೈಯ ಲೆಕ್ಕದ ಪುಸ್ತಕವನ್ನು ಮರೆತೆವು.

ಈ ದೊಡ್ಡಬೆಳವಂಗಲಕ್ಕೆ ಹತ್ತಿರದ ಉದಾಹರಣೆಯೆಂದರೆ ಹೆರಿಗೆಯದು. ದೊಡ್ಡಬಳ್ಳಾಪುರ–ದಾಬಸ್‌ಪೇಟೆ ರಸ್ತೆಯ ಹಳ್ಳಿಯೊಂದರಲ್ಲಿ ನೋವು ಶುರುವಾದ ಹೆಣ್ಣುಮಗಳ ವಿಷಯದಲ್ಲಿ ಒಂದೇ ಪ್ರಶ್ನೆ: ಇಲ್ಲೇ ಆಗುತ್ತದೋ, ದೊಡ್ಡಬಳ್ಳಾಪುರಕ್ಕೆ ಕಳಿಸಬೇಕೋ, ಅಲ್ಲಿಂದಲೂ ಬೆಂಗಳೂರಿನ ವಾಣಿವಿಲಾಸಕ್ಕೋ? ಇದನ್ನು ಡಾಕ್ಟರಿಲ್ಲದ ಹೊತ್ತಿನಲ್ಲೂ ಸಿಸ್ಟರ್ ತೀರ್ಮಾನಿಸಲಿ ಎಂದೇ ಪಾರ್ಟೋಗ್ರಾಫ್ ಎಂಬ ಹೆರಿಗೆಯ ನಕ್ಷೆ ಬಂದದ್ದು. 1972ರಲ್ಲಿ ಫಿಲ್ಪಾಟ್ ಮತ್ತು ಕ್ಯಾಸಲ್ ಎಂಬ ವೈದ್ಯರು, ಇಂದಿನ ಜಿಂಬಾಬ್ವೆಯಲ್ಲಿ, ದೂರದ ಹೆರಿಗೆ ಕೇಂದ್ರಗಳ ಸೂಲಗಿತ್ತಿಯರಿಗಾಗಿ ಅದರಲ್ಲಿ ಎರಡು ಗೆರೆ ಎಳೆದರು. ಗರ್ಭದ ಬಾಯಿ ಗಂಟೆಗೆ 1 ಸೆಂ.ಮೀ.ನಂತೆ ತೆರೆಯದಿದ್ದರೆ ಮೊದಲ ಗೆರೆ ದಾಟುತ್ತದೆ, ಎಚ್ಚರಾಗಬೇಕು. ಅದರ ಬಲಕ್ಕೆ ನಾಲ್ಕು ಗಂಟೆಯ ಅಂತರದಲ್ಲಿ ಎರಡನೆಯದು, ಅಲ್ಲಿಗೆ ಬರುವಷ್ಟರಲ್ಲಿ ಏನಾದರೂ ಮಾಡಲೇಬೇಕು. ಅರ್ಧ ಗಂಟೆಗೊಮ್ಮೆ ಮಗುವಿನ ಎದೆಬಡಿತಕ್ಕೆ ಒಂದು ಚುಕ್ಕಿ. ವಿಶ್ವ ಆರೋಗ್ಯ ಸಂಸ್ಥೆ ಆಗ್ನೇಯ ಏಷ್ಯಾದಲ್ಲಿ 35,484 ಹೆರಿಗೆಗಳ ಮೇಲೆ ಇದನ್ನು ಪರೀಕ್ಷಿಸಿ 1994ರಲ್ಲಿ ಪ್ರಕಟಿಸಿತು. ಹದಿನೆಂಟು ಗಂಟೆ ಮೀರಿ ಎಳೆಯುವ ಹೆರಿಗೆ ಶೇ 6.4ರಿಂದ 3.4ಕ್ಕೆ ಇಳಿದಿತ್ತು. ಒಂದು ಹಾಳೆ, ಒಂದು ಪೆನ್ನು, ಅಷ್ಟೇ.

ಈಗ ಆ ಹಾಳೆಯನ್ನು ಮಗು ಹುಟ್ಟಿದ ಮೇಲೆ ಕೂತು ತುಂಬುವವರನ್ನು ನೆನೆಸಿಕೊಳ್ಳಿ. ಲೇಬರ್ ವಾರ್ಡಿನಲ್ಲಿ ಕೆಲಸ ಮಾಡಿದವರಾರೂ ಇದನ್ನು ನೋಡಿಲ್ಲ ಎನ್ನಲಾರರು. ಎಡದಿಂದ ಬಲಕ್ಕೆ ಒಂದು ಸುಂದರವಾದ ಗೆರೆ, ಎಚ್ಚರಿಕೆಯ ಗೆರೆಯನ್ನು ಎಲ್ಲೂ ಮುಟ್ಟದೆ, ಸ್ಕೇಲಿಟ್ಟು ಎಳೆದಂತೆ. ತಾಯಿ ಮಗು ಚೆನ್ನಾಗಿದ್ದಾರಲ್ಲ, ಇದರಿಂದ ಯಾರಿಗೆ ಏನು ನಷ್ಟ ಎಂದು ಕೇಳಬಹುದು. ಆ ಹಾಳೆ ಇದ್ದದ್ದು ಹೆರಿಗೆ ನಡೆಯುವಾಗ ಅದನ್ನು ನೋಡಿ ಆಂಬುಲೆನ್ಸ್ ಕರೆಯಲಿಕ್ಕೆ. ಆಮೇಲೆ ತುಂಬಿದ ಹಾಳೆ ಯಾರನ್ನೂ ಎಚ್ಚರಿಸುವುದಿಲ್ಲ. ಜೊತೆಗೆ ಅದು ಮೇಲಿನವರಿಗೆ ಈ ಕೇಂದ್ರದಲ್ಲಿ ಯಾವ ಹೆರಿಗೆಯೂ ತಡವಾಗಿಲ್ಲ ಎಂದು ವರದಿ ಕೊಡುತ್ತದೆ. ತಡವೇ ಆಗದ ಕಡೆಗೆ ಇನ್ನೊಬ್ಬ ಸಿಸ್ಟರನ್ನು ಯಾರು ಕೊಡುತ್ತಾರೆ?

ನನ್ನ ಮಾತಿನ ತಿರುಳು ಇದೇ. ಸುಳ್ಳು ಬರೆಯುವ ನರ್ಸು ರೋಗಿಗೆ ಮಾಡುವ ಅನ್ಯಾಯ ಎಲ್ಲರಿಗೂ ಗೊತ್ತು. ತನಗೂ ತನ್ನ ಜೊತೆಯವರಿಗೂ ಮಾಡಿಕೊಳ್ಳುವುದನ್ನು ಯಾರೂ ಹೇಳುವುದಿಲ್ಲ. ಲೆಕ್ಕ ಹಾಕಿ. ಮೂವತ್ತು ರೋಗಿಗಳ ವಾರ್ಡು, ರಾತ್ರಿಗೆ ಒಬ್ಬರೇ. ಒಬ್ಬರ ಬಿಪಿ, ಜ್ವರ, ನಾಡಿ ನೋಡಿ ಬರೆಯಲು ಐದು ನಿಮಿಷವೆಂದರೂ ಒಂದು ಸುತ್ತಿಗೆ ಎರಡೂವರೆ ಗಂಟೆ, ಎರಡು ಸುತ್ತಿಗೆ ಐದು ಗಂಟೆ. ಇಂಜೆಕ್ಷನ್, ಡ್ರಿಪ್ಪು, ಹೊಸ ಅಡ್ಮಿಷನ್, ಅಟೆಂಡರುಗಳ ಜಗಳ ಎಲ್ಲ ಉಳಿದ ಹೊತ್ತಿನಲ್ಲಿ. ಆಗುವುದಿಲ್ಲ. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ ಬೋಧನಾ ಆಸ್ಪತ್ರೆಯಲ್ಲಿ ಮೂರು ರೋಗಿಗೆ ಒಬ್ಬರು, ಉಳಿದ ಕಡೆ ಐದಕ್ಕೆ ಒಬ್ಬರು ಎನ್ನುತ್ತದೆ. ಆದರೆ ಬೆಳಿಗ್ಗೆ ಚಾರ್ಟು ನೋಡಿದರೆ ಮೂವತ್ತು ರೋಗಿಗಳಿಗೂ ಎಲ್ಲ ಕಾಲಮ್ಮು ಭರ್ತಿ. ಒಬ್ಬ ನರ್ಸು ಮೂವತ್ತು ಜನರನ್ನು ಸಲೀಸಾಗಿ ನೋಡಿಕೊಳ್ಳಬಲ್ಲಳು ಎಂಬುದಕ್ಕೆ ಆಕೆಯೇ ಸಹಿ ಹಾಕಿ ಕೊಟ್ಟ ಸಾಕ್ಷಿ ಅದು. ಹುದ್ದೆ ಭರ್ತಿ ಮಾಡಿ ಎಂದು ಬೀದಿಗಿಳಿದು ಕೂಗುವ ನಾವೇ ನಮ್ಮ ಬೇಡಿಕೆಯ ವಿರುದ್ಧ ದಿನಕ್ಕೆ ಮೂರು ಪಾಳಿಯಲ್ಲಿ ದಾಖಲೆ ಸೃಷ್ಟಿಸುತ್ತಿದ್ದೇವೆ.

ಗುರಿ ಮುಟ್ಟಿಸುವ ಒತ್ತಡ ಏನು ಮಾಡಿಸುತ್ತದೆಂದು ಕೋವಿಡ್ ಕಾಲದಲ್ಲಿ ನೋಡಿದೆವು. ಬೆಂಗಳೂರಿನ ಆರೋಗ್ಯ ಕೇಂದ್ರವೊಂದರಲ್ಲಿ ಯಾರ ಮೂಗಿಗೂ ಹಾಕದ ಸ್ವಾಬ್ ಕಡ್ಡಿಗಳನ್ನು ಮುರಿದು ಟ್ಯೂಬಿಗೆ ತುಂಬುವ ವಿಡಿಯೊ ಮೊಬೈಲಿಂದ ಮೊಬೈಲಿಗೆ ಓಡಾಡಿತು. ಬೈದವರು ಬಹಳ, ಗುರಿ ಕೊಟ್ಟವರಾರು ಎಂದು ಕೇಳಿದವರು ಕಡಿಮೆ.

ಇಂಗ್ಲೆಂಡಿನ ಸ್ಟಾಫರ್ಡ್ ಆಸ್ಪತ್ರೆಯ ಕತೆ ಇನ್ನೂ ದೊಡ್ಡದು. ತುರ್ತು ವಿಭಾಗಕ್ಕೆ ಬಂದವರ ವಿಷಯ ನಾಲ್ಕು ಗಂಟೆಯೊಳಗೆ ಇತ್ಯರ್ಥವಾಗಬೇಕೆಂಬ ಸರ್ಕಾರಿ ಗುರಿ ಇತ್ತು. ಮೀರಿದಾಗ ಸಮಯ ತಿದ್ದಿ ಬರೆಯಿರಿ ಎಂದು ಅಲ್ಲಿನ ಹಿರಿಯ ಸಿಸ್ಟರುಗಳೇ ಕಿರಿಯರಿಗೆ ಹೇಳುತ್ತಿದ್ದರು. ಹೆಲೀನ್ ಡೊನೆಲ್ಲಿ ಎಂಬ ಕಿರಿಯ ನರ್ಸು ಒಪ್ಪಲಿಲ್ಲ. ಸುಮಾರು ನೂರು ಸಲ ದೂರು ಬರೆದುಕೊಟ್ಟಳು. ಡ್ಯೂಟಿ ಮುಗಿಸಿ ಕತ್ತಲಲ್ಲಿ ಕಾರಿನವರೆಗೆ ಒಬ್ಬಳೇ ನಡೆಯಲು ಹೆದರುವಂತಾಗಿತ್ತೆಂದು ಆಕೆ ಆಮೇಲೆ ವಿಚಾರಣೆಯಲ್ಲಿ ಹೇಳಿದಳು. ಹೆದರಿಸಿದವರು ಹೊರಗಿನ ಪುಂಡರಲ್ಲ, ಜೊತೆಯಲ್ಲಿ ಟೀ ಕುಡಿಯುವವರು. ಆಕೆ ಆ ಆಸ್ಪತ್ರೆ ಬಿಟ್ಟಳು. ರಾಬರ್ಟ್ ಫ್ರಾನ್ಸಿಸ್ ಅವರ ಸಾರ್ವಜನಿಕ ವಿಚಾರಣಾ ವರದಿ 2013ರ ಫೆಬ್ರವರಿಯಲ್ಲಿ ಬಂತು, 290 ಶಿಫಾರಸುಗಳೊಡನೆ. ಅದೇ ವರ್ಷ ಆ ಹಿರಿಯ ಸಿಸ್ಟರುಗಳಿಬ್ಬರ ಹೆಸರು ನೋಂದಣಿ ಪಟ್ಟಿಯಿಂದ ಹೋಯಿತು. ನೂರು ಸಲ ಬರೆದರೂ ಓದದ ಮ್ಯಾನೇಜರುಗಳನ್ನು ಹಾಗೆ ಸುಲಭವಾಗಿ ತೆಗೆದುಹಾಕಲು ಅವರಿಗೆ ಅಂಥ ಪಟ್ಟಿಯೇ ಇರಲಿಲ್ಲ!

ಇನ್ನೊಂದು ಕತೆ ವೇಲ್ಸಿನ ಬ್ರಿಡ್ಜೆಂಡ್ ಊರಿನದು, ದೂರು ಕೊಡಲು ತುದಿಗಾಲಲ್ಲಿ ನಿಂತವರು ಕೇಳಬೇಕಾದದ್ದು. ಅಲ್ಲಿನ ಆಸ್ಪತ್ರೆಯಲ್ಲಿ ನರ್ಸುಗಳು ಬೆರಳಿಗೆ ಚುಚ್ಚದೆಯೇ ಸಕ್ಕರೆ ಪ್ರಮಾಣ ಬರೆದಿದ್ದಾರೆಂಬ ಆರೋಪ. ಸಾಕ್ಷಿ ಏನೆಂದರೆ, ಗ್ಲೂಕೋಮೀಟರು ತಾನು ಅಳೆದದ್ದನ್ನೆಲ್ಲ ಕಂಪ್ಯೂಟರಿಗೆ ಕಳಿಸುತ್ತದೆ, ಹಾಳೆಯ ಮೇಲಿರುವ ಸಂಖ್ಯೆಗಳು ಆ ಕಂಪ್ಯೂಟರಿನಲ್ಲಿ ಇರಲಿಲ್ಲ. ಎಪ್ಪತ್ತಕ್ಕೂ ಹೆಚ್ಚು ನರ್ಸುಗಳ ಮೇಲೆ ಶಿಸ್ತುಕ್ರಮ, ಐವರ ಮೇಲೆ ಮೊಕದ್ದಮೆ. 2015ರಲ್ಲಿ ಮೂವರ ವಿಚಾರಣೆ ನಡೆಯುವಾಗ, ಮೀಟರ್ ಕಂಪನಿಯ ಎಂಜಿನಿಯರ್ ಬಂದು ಕಂಪ್ಯೂಟರನ್ನು ಚೊಕ್ಕ ಮಾಡುವಾಗ ದಾಖಲೆಗಳನ್ನೇ ಅಳಿಸಿದ್ದು ಹೊರಬಿತ್ತು. ನ್ಯಾಯಾಧೀಶರು ಆ ಸಾಕ್ಷ್ಯವನ್ನು ಪಕ್ಕಕ್ಕಿಟ್ಟರು, ಮೂವರೂ ಬಿಡುಗಡೆಯಾದರು. ಅದಕ್ಕೆ ಮೊದಲೇ ತಪ್ಪೊಪ್ಪಿಕೊಂಡಿದ್ದ ಇಬ್ಬರು ಮಾತ್ರ ಜೈಲಿಗೆ ಹೋದರು. ಯಂತ್ರ ಹೇಳಿತೆಂದು ನಂಬಿದ ಆಸ್ಪತ್ರೆ ಎಷ್ಟು ಜನರ ಮರ್ಯಾದೆ ಕಳೆಯಿತೋ.

ಹಾಗಾದರೆ ನೀವು ಮಾಡಬೇಕಾದದ್ದೇನು? ಮೊದಲು ರೋಗಿಯ ಹತ್ತಿರ ಹೋಗಿ. ಸಹೋದ್ಯೋಗಿಯ ನಡತೆ ಆಮೇಲೆ. ಮಡಿಚಿದ ನಳಿಕೆ ನೆಟ್ಟಗೆ ಮಾಡಿ, ಬಿಪಿ ನೀವೇ ನೋಡಿ, ಡಾಕ್ಟರಿಗೆ ಹೇಳಿ, ನಿಮ್ಮ ಅಳತೆಯನ್ನು ನಿಮ್ಮ ಸಮಯ ಹಾಕಿ ನಿಮ್ಮ ಸಹಿಯಲ್ಲಿ ಬರೆಯಿರಿ. ಆಕೆ ಬರೆದದ್ದರ ಮೇಲೆ ತಿದ್ದಬೇಡಿ, ವೈಟ್ನರ್ ಮುಟ್ಟಬೇಡಿ. ಹಾಗೆ ಮಾಡಿದರೆ ದಾಖಲೆ ತಿದ್ದಿದವರು ನೀವಾಗುತ್ತೀರಿ.

ಆಮೇಲೆ ಆಕೆಯೊಡನೆ ಮಾತು. ಎಲ್ಲರೆದುರು ಬೇಡ, ವಾಟ್ಸ್ಆ್ಯಪ್ ಗ್ರೂಪಿನಲ್ಲಂತೂ ಬೇಡವೇ ಬೇಡ. “ಅಕ್ಕಾ, ಹನ್ನೊಂದನೇ ಬೆಡ್ಡಿನವರ ಬ್ಯಾಗು ಖಾಲಿ ಇತ್ತು, ಚಾರ್ಟಲ್ಲಿ 400 ಅಂತ ಇದೆ, ಹೇಗಾಯ್ತು?” ಎಂದರೆ ಸಾಕು. ಬ್ಯಾಗು ಬದಲಾಯಿಸಿರಬಹುದು, ಪಕ್ಕದ ರೋಗಿಯದನ್ನು ತಪ್ಪಿ ಇಲ್ಲಿ ಬರೆದಿರಬಹುದು. ಉತ್ತರ ಕೇಳುವ ತಾಳ್ಮೆ ಇರಲಿ. “ನೀನೇನಮ್ಮಾ, ನಿನ್ನೆ ಮೊನ್ನೆ ಬಂದು ನಮಗೆ ಪಾಠ ಹೇಳ್ತೀಯಾ?” ಎಂಬ ಮಾತೂ ಬರಬಹುದು. ಬಂದರೆ, ಅಥವಾ ಮತ್ತೆ ಅದೇ ಆದರೆ, ಇನ್‌ಚಾರ್ಜ್ ಸಿಸ್ಟರಿಗೆ ಬರೆದುಕೊಡಿ. ನಿಮ್ಮ ಸಹೋದ್ಯೋಗಿ ಕಳ್ಳಿ, ಸೋಮಾರಿ ಎಂದಲ್ಲ. ಯಾವ ದಿನ, ಯಾವ ಹೊತ್ತು, ಯಾವ ಹಾಸಿಗೆ, ಚಾರ್ಟಿನಲ್ಲಿ ಏನಿತ್ತು, ನೀವು ಕಣ್ಣಾರೆ ಕಂಡದ್ದೇನು, ಇಷ್ಟೇ. ಉಳಿದದ್ದನ್ನು ತೀರ್ಮಾನಿಸುವುದು ವಿಚಾರಣೆ ಮಾಡುವವರ ಕೆಲಸ. ನೀವೇ ತೀರ್ಪು ಕೊಡಹೊರಟರೆ ಬ್ರಿಡ್ಜೆಂಡಿನ ಆಸ್ಪತ್ರೆ ಮಾಡಿದ್ದನ್ನೇ ಮಾಡಿದಂತಾಗುತ್ತದೆ. ರೋಗಿಗೆ ಅಪಾಯವಾಗಿದ್ದರೆ, ಅಥವಾ ನೋವಿನ ಇಂಜೆಕ್ಷನ್ ಕೊಟ್ಟೆನೆಂದು ಬರೆದು ಆಂಪೂಲು ಮಾಯವಾಗುತ್ತಿದ್ದರೆ, ಖಾಸಗಿ ಮಾತಿನ ಹಂತವೇ ಇಲ್ಲ, ಆ ಪಾಳಿಯಲ್ಲೇ ಮೇಲಿನವರಿಗೆ ತಿಳಿಸಬೇಕು.

ಕಾನೂನಿನ ಮಾತು ಎರಡೇ. ಕರ್ನಾಟಕದಲ್ಲಿ ನರ್ಸುಗಳ ನೋಂದಣಿ 1961ರ ಕಾಯಿದೆಯಡಿ ರಾಜ್ಯ ಪರಿಷತ್ತಿನ ಕೈಯಲ್ಲಿದೆ. ಹಿಂದಿನ ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಂತೆ ರೋಗಿಯ ಕಡೆಯವರು ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು, ಒಳರೋಗಿಯ ದಾಖಲೆಯನ್ನು ಮೂರು ವರ್ಷ ಇಟ್ಟಿರಬೇಕು. ಗ್ರಾಹಕ ನ್ಯಾಯಾಲಯದಲ್ಲಿ ವಕೀಲರು ಮೊದಲು ಬಿಡಿಸುವುದು ನರ್ಸಿಂಗ್ ಚಾರ್ಟನ್ನೇ. ಆದರೆ ದೂರು ಕೊಟ್ಟವರನ್ನು ಕಾಯಬೇಕಾದ ಕಾಯಿದೆಗೆ 2014ರಲ್ಲೇ ರಾಷ್ಟ್ರಪತಿಗಳ ಅಂಕಿತ ಬಿದ್ದರೂ ಅದನ್ನು ಜಾರಿಗೆ ತಂದಿಲ್ಲ. ಹಾಗಾಗಿ ನಿಮ್ಮ ದೂರಿನ ಪ್ರತಿಯೊಂದನ್ನು, ತಲುಪಿದ ಸಹಿಯೊಡನೆ, ಮನೆಯಲ್ಲಿ ಇಟ್ಟುಕೊಳ್ಳಿ. ರೋಗಿಯ ಚಾರ್ಟಿನ ಫೋಟೊ ತೆಗೆದು ಹಂಚಬೇಡಿ, ಅದು ರೋಗಿಯ ಗುಟ್ಟು.

ಇಲ್ಲಿ ಇನ್‌ಚಾರ್ಜ್ ಸಿಸ್ಟರುಗಳೂ ಕೂತಿದ್ದೀರಿ, ನಿಮಗೊಂದು ಮಾತು. ಬೆಳಿಗ್ಗೆ ಖಾಲಿ ಕಾಲಮ್ಮು ಕಂಡಾಗ ನೀವು ಏನು ಹೇಳುತ್ತೀರಿ ಎಂಬುದರ ಮೇಲೆ ಮರುದಿನ ಅದು ಹೇಗೆ ತುಂಬುತ್ತದೆ ಎಂಬುದು ನಿಂತಿದೆ. “ಫಿಲ್ ಮಾಡಿ ಹೋಗಮ್ಮಾ” ಎಂದಿರೋ, ಆ ಹುಡುಗಿ ಫಿಲ್ ಮಾಡುತ್ತಾಳೆ, ಆ ದಿನದಿಂದ ನಿವೃತ್ತಿಯವರೆಗೆ. ಅಸೆಸ್‌ಮೆಂಟ್ ತಂಡ ಬರುವ ವಾರ ರಾತ್ರಿಯೆಲ್ಲ ಲೈಟು ಹಾಕಿಕೊಂಡು ರಿಜಿಸ್ಟರ್ ಬರೆಸುವ ಆಸ್ಪತ್ರೆಗಳು, ಸರ್ಟಿಫಿಕೇಟು ಬಂದ ಮೇಲೆ ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುತ್ತವೆ. ಇದ್ದದ್ದನ್ನು ಇದ್ದಂತೆ ಒಪ್ಪಿಕೊಂಡರೆ ಏನಾಗುತ್ತದೆ ನೋಡಿ. 2010ರಲ್ಲಿ ಕರ್ನಾಟಕದ ಹೆರಿಗೆ ಕೇಂದ್ರವೊಂದರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಪಟ್ಟಿಯನ್ನು ಪ್ರಯೋಗಿಸಿದಾಗ, ಮಾಡಬೇಕಾದ 29 ಕೆಲಸಗಳಲ್ಲಿ ಸರಾಸರಿ 10 ಮಾತ್ರ ಆಗುತ್ತಿದ್ದದ್ದು 25ಕ್ಕೆ ಏರಿತು. ಆ ಹತ್ತು ಎಂಬ ಸಂಖ್ಯೆ ಸಿಕ್ಕಿದ್ದು ರಿಜಿಸ್ಟರಿನಿಂದಲ್ಲ, ಪಕ್ಕದಲ್ಲಿ ನಿಂತು ನೋಡಿದವರಿಂದ. ಹತ್ತು ಎಂದು ಒಪ್ಪಿಕೊಂಡದ್ದರಿಂದಲೇ ಇಪ್ಪತ್ತೈದಕ್ಕೆ ದಾರಿಯಾಯಿತು.

ಆದ್ದರಿಂದ ನಾನು ಕೇಳುವುದು ಒಂದು ಸಣ್ಣ ಅನುಮತಿ. “2 ಗಂಟೆ: ಬಿಪಿ ನೋಡಲಾಗಲಿಲ್ಲ, ಹನ್ನೆರಡನೇ ಬೆಡ್ಡಿನಲ್ಲಿ ಫಿಟ್ಸ್” ಎಂದು ಚಾರ್ಟಿನಲ್ಲೇ ಬರೆದು ಸಹಿ ಹಾಕುವ ಅನುಮತಿ. ಹಾಗೆ ಬರೆದವರಿಗೆ ಮೆಮೊ ಕೊಡುವುದಿಲ್ಲ ಎಂದು ವೈದ್ಯಾಧಿಕಾರಿಗಳು ಲಿಖಿತವಾಗಿ ಹೇಳಲಿ. ತಿಂಗಳ ಕೊನೆಗೆ ಇಂಥ ಸಾಲುಗಳನ್ನೆಲ್ಲ ಒಂದು ಹಾಳೆಗೆ ಇಳಿಸಿ ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಗೆ ಕಳಿಸಿ. ಸಿಬ್ಬಂದಿ ಬೇಕೆಂಬ ಅರ್ಜಿಯ ಜೊತೆ ಆ ಹಾಳೆಯನ್ನೂ ಲಗತ್ತಿಸಿ. ಇದಕ್ಕೆ ಏನು ಅಡ್ಡಿ ಬರುತ್ತದೆಂದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಅಧ್ಯಕ್ಷರು ಅರ್ಧ ಗಂಟೆ ಪ್ರಶ್ನೋತ್ತರಕ್ಕೆ ಬಿಟ್ಟಿದ್ದಾರೆ. ಈ ವಾರ ನೈಟ್ ಡ್ಯೂಟಿ ಮಾಡಿ ಬಂದವರು ಮೊದಲು ಮಾತಾಡಲಿ.