ಸಿಕಲ್ ಸೆಲ್ ರೋಗ: ನಮ್ಮ ಸದಸ್ಯರು ತಿಳಿದಿರಬೇಕಾದ ಸಂಗತಿ

(ಕಾಡಂಚಿನ ಹಾಲು ಉತ್ಪಾದಕರ ಸಹಕಾರ ಸಂಘಗಳ ಸದಸ್ಯರ ಶಿಬಿರದಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಕೆಚ್ಚಲು ಬಾವು, ಖನಿಜ ಮಿಶ್ರಣ ಎಂದು ಹೇಳಿಕೊಂಡು ತಿರುಗುವ ದನದ ಡಾಕ್ಟರಿಗೆ ಮನುಷ್ಯರ ಕಾಯಿಲೆಯ ಮಾತೇಕೆ ಎಂದು ನೀವು ಕೇಳಬಹುದು. ಕಾರಣವಿದೆ. ಒಂದು ಸಂಘದಲ್ಲಿ ಒಬ್ಬ ತಾಯಿ ಆಗಾಗ ನಾಲ್ಕೈದು ದಿನ ಹಾಲು ಹಾಕುತ್ತಿರಲಿಲ್ಲ. ಮೈಗಳ್ಳಿ ಎಂದು ಅಕ್ಕಪಕ್ಕದವರು ಆಡಿಕೊಳ್ಳುತ್ತಿದ್ದರು. ಆ ದಿನಗಳಲ್ಲಿ ಕೈಕಾಲು, ಸೊಂಟದ ನೋವಿನಿಂದ ಆಕೆಗೆ ಚಾಪೆ ಬಿಟ್ಟು ಏಳಲು ಆಗುತ್ತಿರಲಿಲ್ಲ. ಆಕೆಗಿದ್ದುದು ಸಿಕಲ್ ಸೆಲ್ ರೋಗ.

ಆರೋಗ್ಯವಂತರ ಕೆಂಪು ರಕ್ತಕಣ ದುಂಡಗೆ, ಮೆತ್ತಗೆ ಇದ್ದು ಸುಮಾರು 120 ದಿನ ಬಾಳುತ್ತದೆ. ಈ ರೋಗದಲ್ಲಿ ಕಣವು ಕುಡುಗೋಲಿನಂತೆ ಬಾಗಿ ಗಡುಸಾಗುತ್ತದೆ, 10ರಿಂದ 20 ದಿನಕ್ಕೇ ಒಡೆಯುತ್ತದೆ. ರಕ್ತ ಕಡಿಮೆಯಾಗುತ್ತದೆ, ಕಣ್ಣು ಹಳದಿಯಾಗುತ್ತದೆ. ತೂಬಿಗೆ ಕಸ ಸಿಕ್ಕಿದಂತೆ ಬಾಗಿದ ಕಣಗಳು ಸಣ್ಣ ರಕ್ತನಾಳದಲ್ಲಿ ಸಿಕ್ಕಿಕೊಂಡಾಗ ಆ ಭಾಗಕ್ಕೆ ರಕ್ತವಿಲ್ಲದೆ ನೋವು ಬರುತ್ತದೆ. ಇದು ಅಂಟುವ ರೋಗವಲ್ಲ. ಆಕೆ ಕರೆದ ಹಾಲಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ನಮ್ಮ ದೇಶದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ಪಕ್ಕದ ನೀಲಗಿರಿಯಲ್ಲಿ. ನಮ್ಮ ಸೋಲಿಗರಲ್ಲಿ, ಜೇನುಕುರುಬರಲ್ಲಿಯೂ ಇದೆ. ಮಲೇರಿಯಾ ಹೆಚ್ಚಾಗಿದ್ದ ಕಾಡು ಸೀಮೆಗಳಲ್ಲಿ ಈ ಗುಣ ಉಳಿದುಕೊಂಡು ಬಂತು. ಏಕೆಂದರೆ ರೋಗದ ವಂಶವಾಹಿ ಒಂದೇ ಇದ್ದವರಿಗೆ ಮಾರಕ ಮಲೇರಿಯಾದಿಂದ ಒಂದಿಷ್ಟು ರಕ್ಷಣೆ ಸಿಗುತ್ತದೆ. ಇದು ಹಾಡಿಯವರ ಕಾಯಿಲೆ ಎಂದು ಮೂಗು ಮುರಿಯುವುದು ಬೇಡ. ಬೇರೆ ಸಮುದಾಯಗಳಲ್ಲೂ, ಆಫ್ರಿಕಾ, ಅರಬ್ ದೇಶಗಳಲ್ಲೂ ಇದೆ.

ವಂಶವಾಹಿಯ ವಿಷಯ ಹೈನುಗಾರರಿಗೆ ಹೊಸದಲ್ಲ. ಎಚ್.ಎಫ್. ತಳಿಯಲ್ಲಿ ಬ್ಲಾಡ್ ಎಂಬ ರೋಗವಿದೆ. ಹೋರಿ ನೋಡಲು ಗಟ್ಟಿಮುಟ್ಟಾಗಿದ್ದರೂ ದೋಷವನ್ನು ಹೊತ್ತಿರಬಹುದು. ಅಂಥದೇ ಹಸುವಿಗೆ ಕೊಟ್ಟಾಗ ರೋಗದ ಕರು ಹುಟ್ಟಬಹುದು. ಅದಕ್ಕೇ ವೀರ್ಯ ಕೇಂದ್ರಗಳಲ್ಲಿ ಹೋರಿಗಳ ರಕ್ತ ಪರೀಕ್ಷೆ ಮಾಡುತ್ತಾರೆ. ಸಿಕಲ್ ಸೆಲ್‌ನ ಲೆಕ್ಕವೂ ಹಾಗೆಯೇ. ತಂದೆ ತಾಯಿ ಇಬ್ಬರೂ ವಾಹಕರಾದರೆ ಪ್ರತಿ ಹೆರಿಗೆಯಲ್ಲೂ ಮಗುವಿಗೆ ರೋಗ ಬರುವ ಸಂಭವ ನೂರಕ್ಕೆ 25. ಮೊದಲ ಮಗುವಿಗೆ ಬಂದಿದೆ, ಇನ್ನು ಮೂರಕ್ಕೆ ಬರುವುದಿಲ್ಲ ಎಂದು ಲೆಕ್ಕ ಹಾಕಬಾರದು.

ಹೋಲಿಕೆ ಇಲ್ಲಿಗೆ ಮುಗಿಯಿತು. ದೋಷವಿರುವ ಹೋರಿಯನ್ನು ಕೇಂದ್ರದಿಂದ ತೆಗೆಯುತ್ತೇವೆ. ಮನುಷ್ಯರನ್ನು ಹಾಗೆ ತೆಗೆಯುವುದಿಲ್ಲ. ವಾಹಕರು ರೋಗಿಗಳಲ್ಲ, ಮದುವೆಗೆ ಅನರ್ಹರೂ ಅಲ್ಲ. ಇಬ್ಬರೂ ವಾಹಕರೇ ಎಂಬುದನ್ನು ಮದುವೆಗೆ ಮುಂಚೆ, ತಪ್ಪಿದರೆ ಬಸಿರಿನ ಮೊದಲ ತಿಂಗಳುಗಳಲ್ಲಿ ತಿಳಿದು ವೈದ್ಯರ ಸಲಹೆ ಪಡೆದರಾಯಿತು. ಹುಡುಗಿಯ ರಕ್ತ ಮಾತ್ರ ಪರೀಕ್ಷೆ ಮಾಡಿಸಿ ಸಂಬಂಧ ಮುರಿಯುವ ಚಾಳಿಯಂತೂ ಖಂಡಿತ ಬೇಡ. ಹುಡುಗನ ತೋಳಿನಲ್ಲೂ ರಕ್ತವಿದೆ.

ರೋಗವಿದ್ದವರೂ ಹೈನುಗಾರಿಕೆ ಮಾಡಬಹುದು. ಚಳಿ, ಬಾಯಾರಿಕೆ, ಅತಿ ದಣಿವು, ಜ್ವರ ಇವು ನೋವನ್ನು ಕೆರಳಿಸುತ್ತವೆ. ಧನುರ್ಮಾಸದ ನಸುಕಿನಲ್ಲಿ ತಣ್ಣೀರಿನಿಂದ ಕೆಚ್ಚಲು ತೊಳೆಯುವ ಕೆಲಸವನ್ನು ಮನೆಯ ಬೇರೆಯವರು ಮಾಡಲಿ, ಇಲ್ಲವೇ ಉಗುರು ಬೆಚ್ಚಗಿನ ನೀರು ಬಳಸಲಿ. ಹುಲ್ಲಿಗೆ ಹೋಗುವಾಗ ನೀರಿನ ಬಾಟಲು ಜೊತೆಗಿರಲಿ. ಹೈಡ್ರಾಕ್ಸಿಯೂರಿಯಾ ಎಂಬ ಔಷಧಿ ನೋವಿನ ಸರದಿಯನ್ನು ಕಡಿಮೆ ಮಾಡುತ್ತದೆ. ಅದನ್ನು ವೈದ್ಯರ ನಿಗಾದಲ್ಲಿ, ರಕ್ತ ಪರೀಕ್ಷೆ ಮಾಡಿಸುತ್ತಾ ತೆಗೆದುಕೊಳ್ಳಬೇಕು. ಬಸುರಿಯಾಗಬೇಕೆಂದಿರುವವರು ಮೊದಲೇ ವೈದ್ಯರಿಗೆ ಹೇಳಬೇಕು. ರಕ್ತ ಕಡಿಮೆ ಎಂದು ಕೇಳಿದ ಕೂಡಲೇ ಅಂಗಡಿಯಿಂದ ಕಬ್ಬಿಣಾಂಶದ ಮಾತ್ರೆ ತಂದು ನುಂಗಬೇಡಿ. ಜ್ವರ, ಎದೆನೋವು, ಉಸಿರಾಟದ ತೊಂದರೆ, ಕೈಕಾಲು ಸ್ವಾಧೀನ ತಪ್ಪುವುದು, ಮಗುವಿನ ಹೊಟ್ಟೆಯ ಎಡಭಾಗ ಊದಿ ಮುಖ ಬಿಳಿಚುವುದು ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.

ಕೇಂದ್ರ ಸರ್ಕಾರ 2023ರ ಜುಲೈ 1ರಂದು ಆರಂಭಿಸಿದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 40 ವರ್ಷದವರೆಗಿನ 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡಿತು. ಕರ್ನಾಟಕವೂ ಅದರಲ್ಲಿದೆ. ಬೆರಳಿನಿಂದ ಒಂದು ಹನಿ ರಕ್ತ ತೆಗೆಯುತ್ತಾರೆ, ಅಷ್ಟೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಈ ರೋಗವೂ ಸೇರಿದೆ, ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು.

ಕಾರ್ಯದರ್ಶಿಗಳಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಸದಸ್ಯರಲ್ಲಿ ಯಾರಾದರೂ ಮೇಲಿಂದ ಮೇಲೆ ಹಾಲು ನಿಲ್ಲಿಸಿದರೆ ಮನೆಗೆ ಹೋಗಿ ವಿಚಾರಿಸಿ. ಅವರು ಮಲಗಿರುವ ದಿನಗಳಲ್ಲಿ ಪಕ್ಕದ ಮನೆಯವರು ಹಾಲು ತಂದರೂ ಅವರ ಹೆಸರಿಗೇ ಬರೆದುಕೊಳ್ಳಿ. ಮುಂದಿನ ಬಾರಿ ಕಾಲುಬಾಯಿ ಜ್ವರದ ಲಸಿಕೆಗೆ ದನಗಳನ್ನು ಸೇರಿಸುವ ದಿನವೇ ಆರೋಗ್ಯ ಕೇಂದ್ರದವರನ್ನೂ ಕರೆಸೋಣ. ಪತ್ರ ನಾನು ಬರೆಯುತ್ತೇನೆ, ಜನರನ್ನು ನೀವು ಸೇರಿಸಿ.