ಸಾವಿನ ಖಾತೆ, ಮಾತ್ರೆಯ ಖಾತೆ



ನಾನು ಹೌಸ್ ಸರ್ಜನ್ ಆಗಿದ್ದಾಗ ಮಾಡುತ್ತಿದ್ದ ಒಂದು ತಪ್ಪಿನಿಂದ ಮಾತು ಶುರು ಮಾಡುತ್ತೇನೆ. ರಾತ್ರಿ ಪಾಳಿಯಲ್ಲಿ ಯಾರಾದರೂ ತೀರಿಕೊಂಡರೆ ಮರಣ ಕಾರಣದ ನಮೂನೆ ತುಂಬುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ಕಾರಣದ ಜಾಗದಲ್ಲಿ ಬಹಳ ಸಲ ನಾನು ಬರೆದದ್ದು ಒಂದೇ: ‘ಕಾರ್ಡಿಯೋ ರೆಸ್ಪಿರೇಟರಿ ಅರೆಸ್ಟ್’. ಹೃದಯ ನಿಂತಿತು, ಉಸಿರು ನಿಂತಿತು. ಸತ್ತವರಿಗೆಲ್ಲ ಆಗುವುದು ಅದೇ ತಾನೆ! ಯಾಕೆ ಸತ್ತರು ಎಂದು ಕೇಳಿದರೆ ಸತ್ತದ್ದರಿಂದ ಎಂದು ಉತ್ತರಿಸಿದ ಹಾಗೆ. ಸಮುದಾಯ ವೈದ್ಯಶಾಸ್ತ್ರದ ಪಾಠ ಹೇಳಲು ನಿಂತ ಮೇಲೆ ನನಗೆ ತಿಳಿಯಿತು: ಇಂಥ ಕಾರಣಗಳಿಗೆ ಅಂಕಿಅಂಶದವರು ‘ಗಾರ್ಬೇಜ್ ಕೋಡ್’ ಎನ್ನುತ್ತಾರೆ. ಕಸದ ಬುಟ್ಟಿ ತುಂಬಿದವರಲ್ಲಿ ನಾನೂ ಒಬ್ಬ.

ಈ ದಿನದ ವಿಷಯ ಮಾದಕ ವಸ್ತುಗಳ ಓವರ್‌ಡೋಸ್ ಸಾವುಗಳನ್ನು ಎಣಿಸುವ ಬಗೆ. ಇದಕ್ಕೆ ಅಮೆರಿಕವನ್ನು ಆರಿಸಿಕೊಂಡಿದ್ದೇನೆ. ಅಲ್ಲಿನ ಲೆಕ್ಕ ಎಲ್ಲರೂ ನೋಡಬಹುದಾದ ಲೆಕ್ಕ. ಅದು ಎಲ್ಲಿ ಎಡವಿತು ಎಂಬುದೂ ಬಯಲಿನಲ್ಲೇ ಇದೆ. 1999ರಲ್ಲಿ ಅಲ್ಲಿ 16,849 ಮಂದಿ ಓವರ್‌ಡೋಸಿನಿಂದ ಸತ್ತರು. 2022ರಲ್ಲಿ 1,07,941 ಮಂದಿ. ಹೆಚ್ಚಿನ ನಕ್ಷೆಗಳು 1999ರಿಂದಲೇ ಯಾಕೆ ಶುರುವಾಗುತ್ತವೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಅಮೆರಿಕ ಮರಣ ಕಾರಣಗಳಿಗೆ ಐಸಿಡಿ-10 ಎಂಬ ಅಂತರರಾಷ್ಟ್ರೀಯ ಸಂಕೇತಪಟ್ಟಿಯನ್ನು ಬಳಸತೊಡಗಿದ್ದು ಆ ವರ್ಷ. ಪಟ್ಟಿ ಬದಲಾದರೆ ಹಳೆಯ ಲೆಕ್ಕವೂ ಹೊಸ ಲೆಕ್ಕವೂ ನೇರವಾಗಿ ಹೊಂದುವುದಿಲ್ಲ.

ಈಗ ಒಂದು ಸಾವಿನ ಜಾಡು ಹಿಡಿಯೋಣ. ಅನುಮಾನದ ಸಾವು ಅಲ್ಲಿ ಮೆಡಿಕಲ್ ಎಕ್ಸಾಮಿನರ್ ಅಥವಾ ಕೊರೋನರ್ ಮೇಜಿಗೆ ಬರುತ್ತದೆ. ಮೊದಲಿನವರು ಸಾಮಾನ್ಯವಾಗಿ ವೈದ್ಯರು. ಕೊರೋನರ್ ಅನೇಕ ಕೌಂಟಿಗಳಲ್ಲಿ ಚುನಾವಣೆ ಗೆದ್ದು ಬಂದವರು. ವೈದ್ಯರೇ ಆಗಿರಬೇಕೆಂಬ ನಿಯಮ ಎಲ್ಲ ಕಡೆ ಇಲ್ಲ. ರಕ್ತ ಪ್ರಯೋಗಾಲಯಕ್ಕೆ ಹೋಗುತ್ತದೆ, ವರದಿ ಬರಲು ವಾರಗಳು, ಕೆಲವೊಮ್ಮೆ ತಿಂಗಳುಗಳು. ಆಮೇಲೆ ಅವರು ‘ಫೆಂಟನಿಲ್’ ಎಂದು ಹೆಸರು ಹಿಡಿದು ಬರೆದರೆ ಅದಕ್ಕೊಂದು ಸಂಕೇತ ಸಿಗುತ್ತದೆ. ‘ಔಷಧದ ವಿಷ’ ಎಂದಷ್ಟೇ ಬರೆದು ಮುಗಿಸಿದರೆ ಕೊಂದ ವಸ್ತುವಿನ ಗುರುತು ಅಲ್ಲಿಗೇ ಅಳಿಯಿತು. 2014ರ ಹೊತ್ತಿಗೂ ಸುಮಾರು ಐದರಲ್ಲೊಂದು ಓವರ್‌ಡೋಸ್ ಮರಣಪತ್ರದಲ್ಲಿ ಔಷಧದ ಹೆಸರೇ ಇರಲಿಲ್ಲ.

ಹೆಸರು ಬರೆದ ಕಡೆಯೂ ತೊಡಕು ತಪ್ಪಿದ್ದಲ್ಲ. ಹೆರಾಯಿನ್ ದೇಹಕ್ಕೆ ಸೇರಿದ ಕೆಲ ಹೊತ್ತಿನಲ್ಲೇ ಮಾರ್ಫಿನ್ ಆಗಿ ಮಾರ್ಪಡುತ್ತದೆ. ಹೀಗಾಗಿ ಬೀದಿಯ ಹೆರಾಯಿನ್‌ನಿಂದ ಸತ್ತವನು ಖಾತೆಯಲ್ಲಿ ಮಾರ್ಫಿನ್‌ನಿಂದ ಸತ್ತವನಾಗಿಬಿಡಬಹುದು. ಟಿ40.4 ಎಂಬ ಸಂಕೇತದ ಕತೆ ಇದಕ್ಕಿಂತ ವಿಚಿತ್ರ. ಟ್ರಮಡಾಲ್ ಮಾತ್ರೆ, ಕ್ಯಾನ್ಸರ್ ರೋಗಿಗೆ ಹಚ್ಚುವ ಫೆಂಟನಿಲ್ ಪಟ್ಟಿ, ಕಳ್ಳ ಪ್ರಯೋಗಾಲಯದ ಫೆಂಟನಿಲ್ ಪುಡಿ, ಮೂರೂ ಒಂದೇ ಡಬ್ಬಿಗೆ ಬೀಳುತ್ತವೆ. 2016ರಲ್ಲಿ ವೈದ್ಯರು ಬರೆದುಕೊಡುವ, ಅಫೀಮಿನ ಕುಲದ ಓಪಿಯಾಯ್ಡ್‌ಗಳಿಂದ ಸತ್ತವರು ಹಳೆಯ ಕ್ರಮದಲ್ಲಿ 32,445. ಈ ಡಬ್ಬಿಯನ್ನು ಪಕ್ಕಕ್ಕಿಟ್ಟು ಅಲ್ಲಿನ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿಯ ಸಂಶೋಧಕರೇ ಎಣಿಸಿದಾಗ 17,087. ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು! ಅದೇ ವರ್ಷ ವೈದ್ಯರ ಚೀಟಿಗೆ ಕಡಿವಾಣ ಹಾಕುವ ಸಿಡಿಸಿಯ ಮಾರ್ಗಸೂಚಿ ಬಂದಿತ್ತು. ಅದನ್ನು ಅಕ್ಷರಶಃ ಪಾಲಿಸಹೊರಟ ಕಡೆಗಳಲ್ಲಿ, ವರ್ಷಗಳಿಂದ ನೋವಿನ ಔಷಧಿಯ ಮೇಲಿದ್ದ ರೋಗಿಗಳಿಗೆ ದಿಢೀರನೆ ಪ್ರಮಾಣ ಕಡಿತವಾಯಿತು. 2022ರಲ್ಲಿ ಮಾರ್ಗಸೂಚಿಯನ್ನು ಸಡಿಲಿಸಿ ತಿದ್ದಬೇಕಾಯಿತು. ಆ ಹೊತ್ತಿಗೆ ಕೊಲ್ಲುತ್ತಿದ್ದ ಫೆಂಟನಿಲ್‌ನ ಬಹುಪಾಲು ಬೀದಿಯಿಂದ ಬರುತ್ತಿತ್ತು, ಮೆಡಿಕಲ್ ಸ್ಟೋರಿನಿಂದಲ್ಲ.

ಹಾಗೆಂದು ಮೆಡಿಕಲ್ ಸ್ಟೋರು ಸಾಚಾ ಎನ್ನುತ್ತಿಲ್ಲ. ಕತೆ ಶುರುವಾದದ್ದೇ ಅಲ್ಲಿ. 1980ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಐದೇ ವಾಕ್ಯದ ಒಂದು ಓಲೆ ಅಚ್ಚಾಯಿತು. ಆಸ್ಪತ್ರೆಯಲ್ಲಿದ್ದಾಗ ಅಫೀಮಿನ ಕುಲದ ಔಷಧಿ ಪಡೆದ 11,882 ರೋಗಿಗಳಲ್ಲಿ ಚಟ ಅಂಟಿದ್ದು ನಾಲ್ವರಿಗೆ ಎಂಬುದು ಅದರ ತಿರುಳು. ಮನೆಗೆ ಕೊಂಡೊಯ್ದು ತಿಂಗಳುಗಟ್ಟಲೆ ನುಂಗಿದವರ ಮಾತೇ ಅದರಲ್ಲಿಲ್ಲ. ಆದರೆ 2017ರಲ್ಲಿ ಅದೇ ಪತ್ರಿಕೆಯಲ್ಲಿ ಲೆಕ್ಕ ಹಾಕಿದವರು ಕಂಡಂತೆ, ಆ ಓಲೆಯನ್ನು 608 ಬರಹಗಳು ಉಲ್ಲೇಖಿಸಿದ್ದವು. ಅವುಗಳಲ್ಲಿ 439, ಚಟ ಹತ್ತುವುದು ಅಪರೂಪ ಎಂಬುದಕ್ಕೆ ಅದನ್ನೇ ಸಾಕ್ಷಿ ಮಾಡಿಕೊಂಡಿದ್ದವು. ಕೆಟ್ಟ ಅಂಕಿಗಿಂತ, ಒಳ್ಳೆಯ ಅಂಕಿಯನ್ನು ಅದು ಹೇಳದ ಮಾತಿಗೆ ದುಡಿಸುವುದು ಹೆಚ್ಚು ಅಪಾಯ ಎಂದು ನಾನು ನಂಬಿರುವುದು ಈ ಓಲೆಯ ಕಾರಣದಿಂದಲೇ. ಓಲೆಯ ಉಲ್ಲೇಖಗಳು ಹೀಗೆ ಸಾಗಿರುವಾಗಲೇ, 1996ರಲ್ಲಿ, ಪರ್ಡ್ಯೂ ಫಾರ್ಮಾದ ಓಪಿಯಾಯ್ಡ್ ನೋವಿನ ಮಾತ್ರೆ ಆಕ್ಸಿಕಾಂಟಿನ್ ಮಾರುಕಟ್ಟೆಗೆ ಬಂತು.

ಮುಂದಿನದು ಎರಡು ಖಾತೆಗಳ ಕತೆ. ಒಂದು, ನಾವು ನೋಡಿದ ಸಾವಿನ ಖಾತೆ. ಇನ್ನೊಂದು, ಮಾದಕ ವಸ್ತು ನಿಯಂತ್ರಣದ ಡಿಇಎ ಬಳಿ ಇರುವ ‘ಆರ್ಕೋಸ್’. ತಯಾರಕರು, ಸಗಟು ವ್ಯಾಪಾರಿಗಳು ಇಂಥ ಮಾತ್ರೆಗಳ ಪ್ರತಿ ಸಾಗಣೆಯನ್ನೂ ಅದಕ್ಕೆ ವರದಿ ಮಾಡಬೇಕು. ಅಂದರೆ ಯಾವ ಊರಿನ ಯಾವ ಅಂಗಡಿಗೆ ಎಷ್ಟು ಮಾತ್ರೆ ಹೋಯಿತು ಎಂಬುದು ಸರ್ಕಾರದ ಕೈಯಲ್ಲೇ ಇತ್ತು. ವೆಸ್ಟ್ ವರ್ಜೀನಿಯಾದ ಕರ್ಮಿಟ್ ಎಂಬ ಊರಿನ ಜನಸಂಖ್ಯೆ ಆಗ 392. ಅಲ್ಲಿನ ಒಂದು ಅಂಗಡಿಗೆ ಎರಡು ವರ್ಷದಲ್ಲಿ ಬಂದದ್ದು ಸುಮಾರು 90 ಲಕ್ಷ ಹೈಡ್ರೋಕೋಡೋನ್ ಮಾತ್ರೆ. ಇದನ್ನು ಹೊರಗೆಳೆದದ್ದು ಆರೋಗ್ಯ ಇಲಾಖೆಯಲ್ಲ. ಚಾರ್ಲ್ಸ್‌ಟನ್ ಗೆಜೆಟ್-ಮೇಲ್ ಪತ್ರಿಕೆಯ ವರದಿಗಾರ ಎರಿಕ್ ಐರ್. ಆರು ವರ್ಷದಲ್ಲಿ ಆ ಸಣ್ಣ ರಾಜ್ಯಕ್ಕೆ ಹರಿದ 78 ಕೋಟಿ ಮಾತ್ರೆಗಳ ಲೆಕ್ಕ ಬರೆದು 2017ರಲ್ಲಿ ಪುಲಿಟ್ಜರ್ ಪಡೆದರು. ಪತ್ರಿಕೆಗಳು ನ್ಯಾಯಾಲಯದಲ್ಲಿ ಹೋರಾಡಿದ ಮೇಲೆ, 2019ರಲ್ಲಿ, ಆರ್ಕೋಸ್‌ನ ದೊಡ್ಡ ಭಾಗ ಬಯಲಾಯಿತು: 2006ರಿಂದ 2012ರವರೆಗೆ ದೇಶಕ್ಕೆಲ್ಲ 7,600 ಕೋಟಿ ಮಾತ್ರೆ. ಮಾತ್ರೆಯ ಖಾತೆ ಒಂದು ಕಚೇರಿಯಲ್ಲಿ, ಸಾವಿನ ಖಾತೆ ಇನ್ನೊಂದರಲ್ಲಿ. ಎರಡನ್ನೂ ಪಕ್ಕಪಕ್ಕ ಬಿಡಿಸಿ ಓದುವ ಕೆಲಸ ಹೊತ್ತಿಗೆ ಸರಿಯಾಗಿ ಆಗಲಿಲ್ಲ. ಇದು ಮಾಹಿತಿಯ ಕೊರತೆ ಅಲ್ಲ ಸ್ವಾಮಿ, ಇದ್ದ ಮಾಹಿತಿಯನ್ನು ಬೀರುವಿನಲ್ಲಿ ಬೀಗ ಹಾಕಿಟ್ಟದ್ದು.

ಸಾವಿನ ಅಂಕಿ ತಡವಾಗಿ ಬರುವ ಬಗ್ಗೆ ಒಂದೆರಡು ಮಾತು. ಸಿಡಿಸಿ ಈಗ ತಿಂಗಳಿಗೊಮ್ಮೆ ತಾತ್ಕಾಲಿಕ ಅಂಕಿ ಕೊಡುತ್ತದೆ, ಅದೂ ನಾಲ್ಕು ತಿಂಗಳು ಹಳೆಯದು. ನಕ್ಷೆಯಲ್ಲಿ ಎರಡು ಗೆರೆ: ಬಂದ ವರದಿಗಳದ್ದು ಒಂದು, ಇನ್ನೂ ಬರಬೇಕಾದವನ್ನು ಅಂದಾಜಿಸಿ ಸೇರಿಸಿದ್ದು ಇನ್ನೊಂದು. ಈ ಪ್ರಾಮಾಣಿಕತೆ ನನಗೆ ಇಷ್ಟ. 2017ರಲ್ಲಿ 70,237 ಇದ್ದದ್ದು 2018ರಲ್ಲಿ 67,367ಕ್ಕೆ ಇಳಿದಾಗ ಗೆದ್ದೆವು ಎಂದು ಬೀಗಿದವರಿದ್ದರು. 2020ರಲ್ಲಿ ಅದು 91,799. 2024ರಲ್ಲಿ ಲೆಕ್ಕ ಸುಮಾರು 80 ಸಾವಿರಕ್ಕೆ ಇಳಿಯಿತು. ಓಪಿಯಾಯ್ಡ್ ಓವರ್‌ಡೋಸನ್ನು ಇಳಿಸುವ ನಲೋಕ್ಸೋನ್ ಸ್ಪ್ರೇ ಚೀಟಿಯಿಲ್ಲದೆ ಸಿಗುವಂತಾದದ್ದು, ಬೀದಿಯ ಪುಡಿಯ ಬಲ ಬದಲಾದದ್ದು, ಅಪಾಯದ ಅಂಚಿನಲ್ಲಿದ್ದ ಅನೇಕರು ಆಗಲೇ ಸತ್ತುಹೋಗಿರುವುದು, ಹೀಗೆ ಕಾರಣ ಹುಡುಕುತ್ತಿದ್ದಾರೆ. ಕೊನೆಯದನ್ನು ಹೇಳುವಾಗ ನನ್ನ ನಾಲಿಗೆ ತಡವರಿಸುತ್ತದೆ.

ಇನ್ನು ನಮ್ಮ ಮನೆ. ಏಮ್ಸ್ ನಡೆಸಿದ, 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಓಪಿಯಾಯ್ಡ್ ಬಳಸುವವರು ಸುಮಾರು 2.26 ಕೋಟಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಎನ್‌ಸಿಆರ್‌ಬಿಯ ಪುಸ್ತಕದಲ್ಲಿ ಇಡೀ ದೇಶದ ಓವರ್‌ಡೋಸ್ ಸಾವುಗಳು ವರ್ಷಕ್ಕೆ ಕೆಲವು ನೂರು. ನಾವು ಪುಣ್ಯವಂತರು ಎಂದು ಇದರಿಂದ ತಿಳಿಯುವವರಿದ್ದರೆ ಅವರಿಗೆ ನನ್ನ ನಮಸ್ಕಾರ. ನಮ್ಮಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ದೃಢೀಕರಿಸುವುದು ನಾಲ್ಕರಲ್ಲೊಂದಕ್ಕೂ ಅಲ್ಲ. ಅನುಮಾನದ ಸಾವಾದರೆ ಠಾಣೆಯಲ್ಲಿ ಅಸಹಜ ಸಾವಿನ ವರದಿ (ಯುಡಿಆರ್) ಆಗುತ್ತದೆ, ಮರಣೋತ್ತರ ಪರೀಕ್ಷೆಯ ಮೇಲೆ ‘ಅಭಿಪ್ರಾಯ ಕಾಯ್ದಿರಿಸಲಾಗಿದೆ’ ಎಂದು ಬರೆದು ವಿಸೆರಾವನ್ನು (ಒಳಾಂಗಗಳ ಮಾದರಿ) ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ವರದಿ ಬಂದ ಮೇಲೆ ವೈದ್ಯರ ಅಂತಿಮ ಅಭಿಪ್ರಾಯ ತನಿಖಾಧಿಕಾರಿಯ ಕಡತ ಸೇರುತ್ತದೆ. ಪ್ರಕರಣಕ್ಕೆ ಅಷ್ಟು ಸಾಕು, ಆರೋಗ್ಯ ಇಲಾಖೆಗೆ ಸಾಲದು.

ಸಭೆಯ ಹಿಂದಿನ ಸಾಲುಗಳಲ್ಲಿ ಕುಳಿತಿರುವ ಹೌಸ್ ಸರ್ಜನ್‌ಗಳೆ, ಈ ರಾತ್ರಿ ನಿಮ್ಮಲ್ಲಿ ಯಾರಿಗೋ ಪಾಳಿ ಇದ್ದೇ ಇರುತ್ತದೆ. ಮರಣ ಕಾರಣದ ನಮೂನೆ 4 ನಿಮ್ಮ ಮುಂದೆ ಬಂದರೆ, ಹೃದಯ ನಿಂತಿತು ಎಂದು ಬರೆದು ಸಹಿ ಹಾಕಬೇಡಿ. ಯಾಕೆ ನಿಂತಿತು ಎಂಬುದನ್ನು ಕೆಳಗಿನ ಸಾಲಿನಲ್ಲಿ ಬರೆಯಿರಿ. ಆ ಸಾಲನ್ನು ಅಚ್ಚು ಹಾಕಿಸಿರುವುದು ಅದಕ್ಕಾಗಿಯೇ.