ಇವತ್ತು ಪಾತ್ರಧಾರಿಗೆ ಆರಾಮಿಲ್ಲ



ಮಾರ್ಗಶಿರದ ಚಂಪಾಷಷ್ಠಿಗೆ ಭಾಲ್ಕಿ ತಾಲ್ಲೂಕಿನ ಖಾನಾಪುರದಲ್ಲಿ ಮೈಲಾರ ಮಲ್ಲಣ್ಣನ ಜಾತ್ರೆ. ಶಿವರಾತ್ರಿಗೆ ಔರಾದಿನಲ್ಲಿ ಅಮರೇಶ್ವರನ ಜಾತ್ರೆ. ಈ ಎರಡರ ನಡುವಿನ ದಿನಗಳಲ್ಲಿ ನಮ್ಮ ಬೀದರ್ ಸೀಮೆಯ ಹಳ್ಳಿಗಳಲ್ಲಿ ಸುಗ್ಗಿಯೂ ಇರುತ್ತದೆ, ನಾಟಕವೂ ಇರುತ್ತದೆ. ಚಳಿ, ರಾಶಿಯ ದೂಳು, ಇಬ್ಬನಿ, ಬಯಲಲ್ಲಿ ಕಟ್ಟಿದ ಮಂಟಪ. ಗಂಟಲು ಕೆಡಲು ಏನೇನು ಬೇಕೋ ಅಷ್ಟೂ ಒಟ್ಟಿಗೆ ಸೇರುವ ಕಾಲದಲ್ಲೇ ನಾವು ಏರುದನಿಯಲ್ಲಿ ಹಾಡುವ, ಮಾತಾಡುವ ಕಲೆಯನ್ನು ಇಟ್ಟುಕೊಂಡಿದ್ದೇವೆ. ಜನ ಬಂದು ಕೂತಿರುತ್ತಾರೆ, ದೀಪ ಹತ್ತಿರುತ್ತದೆ. ಪರದೆಯ ಹಿಂದಿನಿಂದ ಸುದ್ದಿ ಬರುತ್ತದೆ: ‘ದುರ್ಯೋಧನಗ ಆರಾಮಿಲ್ಲಂತ.’

ಹೀಗೆ ಆರಾಮಿಲ್ಲದೆ ಪಾತ್ರ ತಪ್ಪಿಸಿಕೊಂಡ ನಟರಿಗೂ, ಆರಾಮಿಲ್ಲದಿದ್ದರೂ ಬಣ್ಣ ಹಚ್ಚಿಕೊಂಡವರಿಗೂ ಒಂದು ಚರಿತ್ರೆಯಿದೆ. ಅದನ್ನು ಸಾಮಾನ್ಯವಾಗಿ ವೀರಗಾಥೆಯಾಗಿ ಹೇಳುವುದು ರೂಢಿ. ನನಗೆ ಅದು ಹೆಚ್ಚಾಗಿ ಕೂಲಿಯ ಕಥೆಯಾಗಿ, ಬದಲಿಗೆ ನಿಂತವರ ಕಥೆಯಾಗಿ ಕಾಣುತ್ತದೆ.

ಪ್ಯಾರಿಸ್ಸಿನ ಮೋಲಿಯೇರನಿಂದಲೇ ಶುರು ಮಾಡೋಣ. 1673ರ ಫೆಬ್ರವರಿ 17. ತಾನೇ ಬರೆದ ಹಾಸ್ಯನಾಟಕದ ನಾಲ್ಕನೆಯ ಪ್ರಯೋಗ. ಪಾತ್ರ, ತನಗೆ ಇಲ್ಲದ ರೋಗಗಳನ್ನೆಲ್ಲ ಇದೆಯೆಂದು ನಂಬಿಕೊಂಡ ಗೃಹಸ್ಥನದು. ನಟನಿಗಿದ್ದ ಎದೆಯ ಬೇನೆ ಮಾತ್ರ ನಿಜದ್ದು. ಆಟದ ನಡುವೆ ಕೆಮ್ಮು ಒತ್ತರಿಸಿ ಬಂತು. ಹೇಗೋ ಮುಗಿಸಿ ಮನೆಗೆ ಹೋದ, ಅದೇ ರಾತ್ರಿ ತೀರಿಕೊಂಡ. ಈ ಸಾವನ್ನು ಜಗತ್ತಿನ ರಂಗಭೂಮಿಯೆಲ್ಲ ಇಂದಿಗೂ ನೆನೆಯುತ್ತದೆ. ಆದರೆ ಅವನ ಮೊದಲ ಜೀವನಚರಿತ್ರೆ ಬರೆದ ಗ್ರಿಮಾರೆ ಹೇಳುವ ಒಂದು ಸಂಗತಿ ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ಇವತ್ತು ಆಟ ಬೇಡವೆಂದು ಮನೆಯವರು ಬೇಡಿಕೊಂಡಾಗ ಮೋಲಿಯೇರ್ ಕಲೆಯ ಮಾತೆತ್ತಲಿಲ್ಲವಂತೆ. ದಿನಗೂಲಿಯನ್ನೇ ನಂಬಿಕೊಂಡ ಐವತ್ತು ಬಡ ಕೆಲಸಗಾರರಿದ್ದಾರೆ, ಆಟ ಇಲ್ಲವೆಂದರೆ ಅವರೇನು ಮಾಡಬೇಕು ಎಂದು ಕೇಳಿದನಂತೆ. ಮೇಣದಬತ್ತಿ ಹಚ್ಚುವವರು, ಪರದೆ ಎಳೆಯುವವರು, ಬಾಗಿಲು ಕಾಯುವವರು. ಆಟ ನಿಲ್ಲಬಾರದು ಎಂಬ ಮಾತಿನ ಬೇರು ನನ್ನ ಮಟ್ಟಿಗೆ ಅಲ್ಲಿದೆ.

ನಮ್ಮ ಕಂಪನಿ ನಾಟಕಗಳ ಕಾಲಕ್ಕೆ ಬಂದರೂ ಅದೇ ಲೆಕ್ಕ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯಿರಲಿ, ಗದಗಿನ ಗರುಡ ಸದಾಶಿವರಾಯರ ಮಂಡಳಿಯಿರಲಿ, ಕಂಪನಿಯೆಂದರೆ ನಡೆದಾಡುವ ಒಂದು ಊರು. ನಟರು, ಅವರ ಹೆಂಡಿರು ಮಕ್ಕಳು, ಅಡುಗೆಯವರು, ಬಡಗಿಗಳು, ಪರದೆ ಬರೆಯುವವರು ಎಲ್ಲರಿಗೂ ರಾತ್ರಿಯ ಟಿಕೆಟ್ಟಿನ ದುಡ್ಡಿನಿಂದಲೇ ಮರುದಿನದ ಅನ್ನ. ಇಲ್ಲಿ ಮುಖ್ಯ ನಟ ಮಲಗಿದರೆ ಒಲೆಯೂ ಮಲಗಬೇಕು. ಆದ್ದರಿಂದ ಕಂಪನಿಗಳು ಜ್ವರವನ್ನೂ ಲೆಕ್ಕಕ್ಕೆ ಹಿಡಿದುಕೊಂಡೇ ಬಾಳುತ್ತಿದ್ದವು. ಒಂದೇ ನಾಟಕ ವಾರಗಟ್ಟಲೆ ನಡೆಯುತ್ತಿತ್ತು. ಪಕ್ಕದ ಪರದೆಯ ಸಂದಿಯಲ್ಲಿ ನಿಂತು ದಿನವೂ ನೋಡುವ ಹುಡುಗರಿಗೆ ತಮ್ಮ ಮಾತಿನ ಜೊತೆ ಉಳಿದವರ ಮಾತೂ ಬಾಯಿಪಾಠವಾಗುತ್ತಿತ್ತು. ಒಬ್ಬರು ಬಿದ್ದ ದಿನ ಇನ್ನೊಬ್ಬರಿಗೆ ಬಣ್ಣ. ಎಷ್ಟೋ ನಟರಿಗೆ ಮೊದಲ ದೊಡ್ಡ ಪಾತ್ರ ಸಿಕ್ಕಿದ್ದು ಹಿರಿಯರೊಬ್ಬರ ಜ್ವರದ ದಿನ.

ಗಂಟಲಿನ ತೊಂದರೆಗೆ ಬೇರೆಯೇ ಉಪಾಯ. ಮೈಕು ಇಲ್ಲದ ಕಾಲ. ಕೊನೆಯ ಸಾಲಿನ ಚಾಪೆಯ ಮೇಲೆ ಕೂತವನಿಗೂ ಕಂದಪದ್ಯ ಕೇಳಬೇಕು. ಜ್ಯೇಷ್ಠಮಧು, ಕಲ್ಲುಸಕ್ಕರೆ, ಮೆಣಸಿನ ಕಷಾಯ, ಉಪ್ಪುನೀರು ಇದ್ದೇ ಇತ್ತು. ಅದಕ್ಕೂ ದನಿ ಬಗ್ಗದಿದ್ದರೆ ಕೈಹಿಡಿಯುತ್ತಿದ್ದವರು ಪೇಟಿ ಮಾಸ್ತರರು. ಕಪ್ಪು ನಾಲ್ಕರಲ್ಲಿ ಹಾಡುವ ನಟನಿಗೆ ಸುಮ್ಮನೆ ಕಪ್ಪು ಎರಡನ್ನು ಒತ್ತಿ ಕೊಡುವುದು, ತಾರದ ಸ್ವರ ಬರುವ ಕಡೆ ಪೇಟಿಯನ್ನೇ ಜೋರು ಮಾಡಿ ಅವನ ಒಡಕು ದನಿಯನ್ನು ಮುಚ್ಚುವುದು, ಉಸಿರು ಸಾಲದಾದಾಗ ತಬಲಾದವರಿಗೆ ಕಣ್ಸನ್ನೆ ಮಾಡಿ ಒಂದು ಸುತ್ತು ಹೆಚ್ಚಿಗೆ ನುಡಿಸುವುದು. ಮುಂದೆ ಕೂತ ಜನಕ್ಕೆ ಅದು ಗೊತ್ತೇ ಆಗುತ್ತಿರಲಿಲ್ಲ. ರಂಗಭೂಮಿಯ ಚರಿತ್ರೆ ಬರೆಯುವವರು ಈ ಪೇಟಿ ಮಾಸ್ತರರಿಗೆ ಇನ್ನೂ ಹೆಚ್ಚು ಪುಟ ಕೊಡಬೇಕೆಂದು ನನ್ನ ಬಯಕೆ.

ಆದರೆ ಬದಲಿಯೇ ಇಲ್ಲದ ನಟರೂ ಇದ್ದರು. ಮರಾಠಿ ರಂಗಭೂಮಿಯ ಕೇಶವರಾವ್ ಭೋಸಲೆ ಅಂಥವರು. ಅವರ ಲಲಿತಕಲಾದರ್ಶ ಮಂಡಳಿ ಹುಟ್ಟಿದ್ದು 1908ರಲ್ಲಿ, ನಮ್ಮ ಹುಬ್ಬಳ್ಳಿಯಲ್ಲಿ. 1921ರ ಜುಲೈ 8ರಂದು ಮುಂಬಯಿಯಲ್ಲಿ, ಟಿಳಕ್ ಸ್ವರಾಜ್ಯ ನಿಧಿಗಾಗಿ, ಅವರೂ ಬಾಲಗಂಧರ್ವರೂ ಒಂದೇ ರಂಗದ ಮೇಲೆ ‘ಮಾನಾಪಮಾನ’ ಆಡಿದರು. ಎರಡು ಪ್ರತಿಸ್ಪರ್ಧಿ ಕಂಪನಿಗಳ ಇಬ್ಬರು ಮಹಾನ್ ಗಾಯಕನಟರು ಒಟ್ಟಿಗೆ. ಮೂರು ತಿಂಗಳು ತುಂಬುವಷ್ಟರಲ್ಲಿ, ಅಕ್ಟೋಬರ್ 4ರಂದು, ಭೋಸಲೆ ವಿಷಮಶೀತ ಜ್ವರಕ್ಕೆ ಬಲಿಯಾದರು. ವಯಸ್ಸು 31. ಟೈಫಾಯಿಡಿಗೆ ಆಗ ಮದ್ದಿರಲಿಲ್ಲ; ಊರೂರು ಸುತ್ತುವ, ಊರೂರ ನೀರು ಕುಡಿಯುವ ನಾಟಕದವರಿಗೆ ಅದು ಹೊಸ್ತಿಲಲ್ಲೇ ಕಾದಿರುವ ರೋಗ. ಮಂಡಳಿಯನ್ನು ಬಾಪೂರಾವ್ ಪೆಂಢಾರಕರ್ ಹೊತ್ತುಕೊಂಡು, ಮರುವರ್ಷವೇ ಹೊಸ ನಾಟಕ ತಂದರು. ಭೋಸಲೆಯವರ ಕಂಠಕ್ಕೆ ಬದಲಿ ಸಿಗಲಿಲ್ಲ, ಸಿಗುವಂತೆಯೂ ಇರಲಿಲ್ಲ. ಕಂಪನಿ ಮಾತ್ರ ಉಳಿಯಿತು, ನೂರಾರು ಜನ ಉಂಡರು.

ಕನ್ನಡದಲ್ಲಿ ಕೆ. ಹಿರಣ್ಣಯ್ಯನವರು 1953ರಲ್ಲಿ ತೀರಿಕೊಂಡಾಗಲೂ ಹೀಗೆಯೇ. ಮಗ ನರಸಿಂಹಮೂರ್ತಿಗೆ ಆಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಆ ಹುಡುಗನೇ ಮಾಸ್ಟರ್ ಹಿರಣ್ಣಯ್ಯನಾಗಿ ಬೆಳೆದು ‘ಲಂಚಾವತಾರ’ವನ್ನು ಸಾವಿರಾರು ಸಲ ಆಡಿದ್ದು ನಿಮಗೆಲ್ಲ ಗೊತ್ತು.

ಇನ್ನೊಂದು ಸಾವನ್ನು ನೆನೆಯದೆ ಮುಂದೆ ಹೋಗಲಾರೆ. 2009ರ ಫೆಬ್ರವರಿ 3. ಇಡಗುಂಜಿಯ ರಥೋತ್ಸವ. ಲವಕುಶರ ಯಕ್ಷಗಾನ ಪ್ರಸಂಗದಲ್ಲಿ ರಾಮನಾಗಿದ್ದ ಕೆರೆಮನೆ ಶಂಭು ಹೆಗಡೆಯವರಿಗೆ ಆಟದ ನಡುವೆಯೇ ಎದೆನೋವು ಕಾಣಿಸಿಕೊಂಡು, ಜೀವ ಹೋಯಿತು. ತಂದೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಗಣಪತಿಯ ಹೆಸರಲ್ಲಿ ಕಟ್ಟಿದ ಮೇಳ, ಅದೇ ದೇವರ ಸನ್ನಿಧಿ. ಬಣ್ಣದಲ್ಲೇ ಹೋದರು, ಪುಣ್ಯವಂತರು ಎಂದು ಜನ ಕೈಮುಗಿದರು. ಆ ಭಕ್ತಿಯನ್ನು ನಾನು ಗೌರವಿಸುತ್ತೇನೆ. ಆದರೆ ಅಂಥ ಸಾವನ್ನು ಮಾದರಿಯಾಗಿ ಎತ್ತಿ ಹಿಡಿಯಲು ನನಗೆ ಮನಸ್ಸು ಬಾರದು. ಎದೆ ಹಿಡಿದುಕೊಂಡ ನಟ ಒಳಗೆ ಬಂದು ಕೂತರೆ ಅದು ಕಲೆಗೆ ಬಗೆದ ದ್ರೋಹವಾಗಬಾರದು.

ಈಗ ನಮ್ಮ ಸೀಮೆಗೆ ಬರುತ್ತೇನೆ. ಬೀದರ್ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಕಾಲ ಅದು. ಅಕ್ಷರಕ್ಕೇ ಇಷ್ಟು ಪಾಡಾದ ಮೇಲೆ ಕನ್ನಡ ನಾಟಕಕ್ಕೆ ಎಷ್ಟಿರಬೇಡ. ಬೀದರ್ ನಗರದ ಜಿಲ್ಲಾ ರಂಗಮಂದಿರಕ್ಕೆ ಪಟ್ಟದ್ದೇವರ ಹೆಸರಿಟ್ಟಿರುವುದು ಅತ್ಯಂತ ಸರಿಯಾದ ಕೆಲಸ. ಗದಗ, ಹುಬ್ಬಳ್ಳಿಯಂತೆ ಇಲ್ಲಿ ಕಂಪನಿಗಳು ಬೇರೂರಲಿಲ್ಲ. ಬೇರೂರಿದ್ದು ಬಯಲಾಟ, ಮತ್ತು ಜಾತ್ರೆಗೊಂದು ಸಲ ಊರ ಹುಡುಗರೇ ಆಡುವ ನಾಟಕ. ಹೀಗಾಗಿ ಆರಾಮಿಲ್ಲದ ನಟನ ಸಮಸ್ಯೆ ನಮ್ಮಲ್ಲಿ ಇನ್ನೂ ಕಠಿಣ.

ಔರಾದ್ ಕಡೆಯ ಒಂದು ಹಳ್ಳಿಯನ್ನು ನೆನೆದುಕೊಳ್ಳಿ. ಮಾಸ್ತರರನ್ನು ಕರೆಸಿ ರಾತ್ರಿ ಉಂಡ ಮೇಲೆ ಗುಡಿಯ ಮುಂದೆ ತಾಲೀಮು. ಹಗಲು ಹೊಲ, ರಾತ್ರಿ ದುರ್ಯೋಧನ. ಇಷ್ಟೆಲ್ಲ ಮಾಡಿದ್ದು ಒಂದೇ ರಾತ್ರಿಗೆ. ಕಂಪನಿಯಲ್ಲಾದರೆ ನಾಳೆ ಮತ್ತೆ ಆಟವಿದೆ. ಇಲ್ಲಿ ನಾಳೆ ಎಂದರೆ ಮುಂದಿನ ಜಾತ್ರೆ. ಅವತ್ತೇ ಹುಡುಗನಿಗೆ ಚಳಿಜ್ವರ ಬಂದರೆ ಆ ಮಾತು ಬಲ್ಲವರು ಇನ್ನೊಬ್ಬರಿಲ್ಲ. ಎರಡೇ ದಾರಿ. ಒಂದು, ಮಾಸ್ತರರೇ ಮೀಸೆ ಅಂಟಿಸಿಕೊಳ್ಳುವುದು. ಇನ್ನೊಂದು, ಧೈರ್ಯವುಳ್ಳ ಒಬ್ಬನಿಗೆ ಕಿರೀಟ ಕಟ್ಟಿ ಮುಂದೆ ಬಿಟ್ಟು, ಪರದೆಯ ಹಿಂದಿನಿಂದ ಟಾರ್ಚಿನ ಬೆಳಕಲ್ಲಿ ವಹಿ ಹಿಡಿದು ಒಂದೊಂದೇ ಮಾತು ಕೊಡುವುದು. ಜನ ಎರಡು ಸಲ ಕೇಳುತ್ತಾರೆ, ಮೊದಲು ಪರದೆಯಿಂದ, ಆಮೇಲೆ ದುರ್ಯೋಧನನ ಬಾಯಿಂದ. ಆದರೂ ಎದ್ದು ಹೋಗುವುದಿಲ್ಲ. ಆ ಹುಡುಗನ ಪಾಡು ಅವರಿಗೆ ಅರ್ಥವಾಗಿರುತ್ತದೆ.

ಅರ್ಥವಾಗದೆ ಉಳಿಯುವುದು ಹೊರಗಿನಿಂದ ಬಂದ ನಟಿಯ ಪಾಡು. ಹಳ್ಳಿಯ ನಾಟಕಕ್ಕೆ ಸ್ತ್ರೀಪಾತ್ರಧಾರಿಗಳನ್ನು ಮುಂಗಡ ಕೊಟ್ಟು ಕರೆಸುವುದು ವಾಡಿಕೆ. ಜಾತ್ರೆಯ ಕಾಲದಲ್ಲಿ ಅವರಿಗೆ ಇವತ್ತು ಒಂದೂರು, ನಾಳೆ ಇನ್ನೊಂದೂರು. ನಿದ್ದೆ ಬಸ್ಸಿನಲ್ಲಿ. ತಿಂಗಳ ನೋವಿರಲಿ, ಬಸಿರಿರಲಿ, ಜ್ವರವಿರಲಿ, ಬರಲಾಗದು ಎಂದರೆ ಮುಂಗಡ ಹಿಂದಿರುಗಿಸಬೇಕು. ಮೇಲೆ, ಕೈಕೊಟ್ಟವಳೆಂಬ ಹೆಸರು. ಸರ್ಕಾರದ ಕಲಾವಿದರ ಮಾಸಾಶನ 58 ದಾಟಿದ ಮೇಲೆ. ಮೂವತ್ತರಲ್ಲಿ ಬಂದ ಜ್ವರಕ್ಕೆ ಅದರಿಂದ ಏನೂ ಇಲ್ಲ.

2020ರಲ್ಲಿ ಕಲಾವಿದರ ಈ ಪಾಡು ಎಲ್ಲರ ಕಣ್ಣಿಗೂ ಬಿತ್ತು. ಆ ಮಾರ್ಚ್ 10ರಂದು ಪಕ್ಕದ ಕಲಬುರಗಿಯ ಹಿರಿಯರೊಬ್ಬರು ತೀರಿಕೊಂಡರು. ದೇಶದ ಮೊದಲ ಕೋವಿಡ್ ಸಾವು ಅದು. 14ರಿಂದ ರಾಜ್ಯದಲ್ಲಿ ಜನ ಸೇರುವ ಕಾರ್ಯಕ್ರಮಗಳಿಗೆಲ್ಲ ತಡೆ ಬಿತ್ತು. ಯುಗಾದಿಯ ಆಸುಪಾಸು, ನಾಟಕದವರಿಗೆ ನಾಲ್ಕು ಕಾಸು ಕಾಣುವ ದಿನಗಳು. ಒಬ್ಬ ನಟ ಮಲಗಿದರೆ ಬದಲಿ ಹುಡುಕಬಹುದು, ಆಗ ರಂಗಭೂಮಿಯೇ ಮಲಗಿತು. ಬಣ್ಣ ಹಚ್ಚುತ್ತಿದ್ದವರು ತರಕಾರಿ ಮಾರಿದರು, ಕೂಲಿಗೆ ಹೋದರು. ಜ್ವರ ಬಂದರೂ ಅವರು ಯಾಕೆ ರಂಗಕ್ಕೆ ಬರುತ್ತಿದ್ದರೆಂದು ಆಗ ಊರಿಗೆ ತಿಳಿಯಿತು.

ಬರುವ ಜಾತ್ರೆಗೆ ತಾಲೀಮು ಶುರು ಮಾಡುವ ಭಾಲ್ಕಿ, ಔರಾದಿನ ತರುಣರಲ್ಲಿ ನನ್ನದು ಎರಡು ಕೋರಿಕೆ. ದೊಡ್ಡ ಪಾತ್ರಗಳ ಮಾತನ್ನು ಇಬ್ಬಿಬ್ಬರಿಗೆ ಕಲಿಸಿ; ಎರಡನೆಯವನಿಗೂ ತಾಲೀಮಿನಲ್ಲಿ ವಾರಕ್ಕೊಮ್ಮೆಯಾದರೂ ನಿಂತು ಆಡಲು ಬಿಡಿ, ಕರಪತ್ರದಲ್ಲಿ ಅವನ ಹೆಸರನ್ನೂ ಅಚ್ಚು ಹಾಕಿಸಿ. ಇನ್ನು ಕರೆಸಿದ ನಟಿ ಆರಾಮಿಲ್ಲವೆಂದು ಫೋನು ಮಾಡಿದರೆ ಮುಂಗಡವನ್ನು ವಾಪಸು ಕೇಳಬೇಡಿ. ಮಂಟಪಕ್ಕೆ, ಧ್ವನಿವರ್ಧಕಕ್ಕೆ, ಊಟಕ್ಕೆ ಪಟ್ಟಿ ಎತ್ತುವಾಗಲೇ ಅದಕ್ಕೂ ಒಂದಿಷ್ಟು ಸೇರಿಸಿ ಎತ್ತಿ.